ಐದು ಡಬ್ಬಗಳ ಕಥೆ

"ನನ್ ಮಷೀನಲ್ಲಿ ಸರಿಯಾಗೇ ಓಡ್ತಿದೆಯಲ್ಲ?" ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಈ ಮಾತನ್ನು ಧೈರ್ಯವಾಗಿ ಹೇಳ್ತಿದ್ದೆ. ಅದೆಷ್ಟು ಪೊಳ್ಳು ಅಂತ ತೋರಿಸಿಕೊಟ್ಟದ್ದು 2010ರ ಒಂದು ಪ್ರಸಂಗ.

ಆ ವರ್ಷ ನವೆಂಬರಿನಲ್ಲಿ ಫೆಡೋರಾ 14 ಬಂತು. 64-ಬಿಟ್ ಫ್ಲಾಶ್ ಹಾಕಿಕೊಂಡಿದ್ದ ಕೆಲವರಿಗೆ ಬ್ರೌಸರಿನಲ್ಲಿ ಹಾಡು ಕೇಳಿದರೆ ಕರಕರ ಸದ್ದು. ಅದೇ ಫೆಡೋರಾ, ಅದೇ ಫ್ಲಾಶ್ ಇದ್ದರೂ ಇನ್ನು ಕೆಲವರಿಗೆ ಏನೂ ತೊಂದರೆಯಿಲ್ಲ. ವ್ಯತ್ಯಾಸ ಇದ್ದದ್ದು ಪ್ರೊಸೆಸರಿನಲ್ಲಿ.

ಲಿನಕ್ಸಿನ ಮೂಲ ಲೈಬ್ರರಿ ಗ್ಲಿಬ್‌ಸಿ. ಅದರ 'ಮೆಮ್‌ಕಾಪಿ' ಫಂಕ್ಷನ್ನಿಗೆ ಒಂದೇ ಕೆಲಸ: ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲು ಮಾಡೋದು. ಹೊಸ ಚಿಪ್ಪುಗಳಿಗೆಂದೇ ಅದರ ವೇಗದ ರೂಪವೊಂದು ಸೇರಿತ್ತು. ಯಾವ ಪ್ರೊಸೆಸರ್ ಅಂತ ನೋಡಿ, ಅದಕ್ಕೆ ತಕ್ಕ ರೂಪವನ್ನು ಲೈಬ್ರರಿಯೇ ಆರಿಸುತ್ತಿತ್ತು. ಈ ಹೊಸ ರೂಪ ಕೆಲವೊಮ್ಮೆ ಕೊನೆಯಿಂದ ಮೊದಲಿಗೆ ನಕಲು ಮಾಡುತ್ತಿತ್ತು.

ಅದರಲ್ಲೇನು ತಪ್ಪು? ನಮ್ಮಜ್ಜಿಯ ಅಡುಗೆಮನೆಗೆ ಬನ್ನಿ. ಸಾಲಾಗಿ ಐದು ಡಬ್ಬ, ಎಡತುದಿಯದ್ದು ಖಾಲಿ. ಉಳಿದವುಗಳಲ್ಲಿ ಹುರುಳಿ, ಅಲಸಂದೆ, ಅವರೆ, ಹೆಸರು. ಪ್ರತಿಯೊಂದನ್ನೂ ಅದರ ಎಡಗಡೆಯ ಡಬ್ಬಕ್ಕೆ ಸುರೀಬೇಕು. ಎಡದಿಂದ ಶುರು ಮಾಡಿದರೆ ಎಲ್ಲಾ ಸಲೀಸು. ಬಲದಿಂದ ಶುರು ಮಾಡಿದಿರೋ, ಕಾಳೆಲ್ಲ ಬೆರಕೆ! ತೆಗೆಯುವ ಜಾಗ, ಇಡುವ ಜಾಗ ಒಂದರ ಮೇಲೊಂದು ಬಂದರೆ ಮೆಮೊರಿಯಲ್ಲೂ ಹೀಗೇ. ಅಂಥ ಕಡೆ 'ಮೆಮ್‌ಮೂವ್' ಬಳಸಿ ಅಂತ ಸಿ ಭಾಷೆಯ ನಿಯಮವೇ ಇದೆ. ಫ್ಲಾಶ್ ಅದನ್ನು ಪಾಲಿಸಿರಲಿಲ್ಲ. ಅಲ್ಲಿವರೆಗೆ ಅದೃಷ್ಟ ಕಾಪಾಡಿತ್ತು.

ಜಗಳ ಶುರುವಾಯ್ತು. ನಿಯಮ ಮುರಿದದ್ದು ಫ್ಲಾಶ್, ತಿದ್ದಿಕೊಳ್ಳಬೇಕಾದ್ದೂ ಅದೇ ಅಂತ ಒಂದು ಪಕ್ಷ. ನಿನ್ನೆ ಕೇಳ್ತಿದ್ದ ಹಾಡು ಇವತ್ತು ಕೆಟ್ಟರೆ ಬಳಕೆದಾರನಿಗೆ ನಿಯಮ ಕಟ್ಟಿಕೊಂಡು ಏನಾಗಬೇಕು ಅನ್ನೋದು ಇನ್ನೊಂದು ಪಕ್ಷ. ಲೈನಸ್ ಟೋರ್ವಾಲ್ಡ್ಸ್ ಇದ್ದದ್ದು ಈ ಎರಡನೇ ಕಡೆ.

2011ರಲ್ಲಿ ಗ್ಲಿಬ್‌ಸಿ 2.14 ರಾಜಿ ಮಾಡಿತು. 64-ಬಿಟ್ ಇಂಟೆಲ್, ಎಎಮ್‌ಡಿ ಯಂತ್ರಗಳ ಲೈಬ್ರರಿಯಲ್ಲಿ ಎರಡು ಮೆಮ್‌ಕಾಪಿ ಇಟ್ಟರು. ಹೊಸದಾಗಿ ಬಿಲ್ಡ್ ಆದ ಪ್ರೋಗ್ರಾಮುಗಳಿಗೆ ಹೊಸದು. ಹಳೆಯವಕ್ಕೆ ಮೆಮ್‌ಮೂವ್‌ನಂತೆ ಜೋಪಾನವಾಗಿ ನಡೆಯುವ ಹಳೆಯದು.

2020ರ ಕೊನೆಗೆ ಫ್ಲಾಶ್ ಕಣ್ಮುಚ್ಚಿತು. ಆ ಎರಡು ಮೆಮ್‌ಕಾಪಿಗಳು ಮಾತ್ರ ಇನ್ನೂ ಇವೆ. ಆಮೇಲೆ ಗ್ಲಿಬ್‌ಸಿಗೆ ಸೇರಿದ 64-ಬಿಟ್ ಆರ್ಮ್‌ನಲ್ಲಿ ಒಂದೇ. ಅದು ಹೊರಬೇಕಾದ ಹಳೇ ಬಾಕಿ ಇರಲಿಲ್ಲ.

ಈಗ ಯಾರಾದರೂ "ನನ್ ಮಷೀನಲ್ಲಿ ಓಡ್ತಿದೆ" ಅಂದರೆ ನಾನು ಕೇಳೋದು ಒಂದೇ: ಸರಿ, ಯಾವ ಪ್ರೊಸೆಸರ್?