ಮನೆಗೆ ಬಂದ ಜಾನ್ ಮಾರ್ಸ್ಟನ್

2025ರ ಡಿಸೆಂಬರ್ 2ರಂದು ಹದಿನೈದು ವರ್ಷ ಹಳೆಯ ಗೇಮ್ ಒಂದು ಮೊಬೈಲಿಗೆ ಬಂತು. ಹೆಸರು ರೆಡ್ ಡೆಡ್ ರಿಡೆಂಪ್ಷನ್. 2010ರಲ್ಲಿ ಇದನ್ನು ಆಡಬೇಕೆಂದರೆ ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ 3 ಅಥವಾ ಎಕ್ಸ್‌ಬಾಕ್ಸ್ 360 ಬೇಕಿತ್ತು. ಹಳ್ಳಿಯ ಮನೆಗಳಲ್ಲಿ ಅವು ಎಲ್ಲಿಂದ ಬರಬೇಕು? ಈಗ ಒಳ್ಳೆಯ ಫೋನೂ ನೆಟ್‌ಫ್ಲಿಕ್ಸ್ ಚಂದಾವೂ ಇದ್ದರೆ ಸಾಕು.

ಇದು ಕೌಬಾಯ್ ಗೇಮ್. ಕುದುರೆ, ಪಿಸ್ತೂಲು, ರೈಲು, ಮರುಭೂಮಿ ಎಲ್ಲವೂ ಇವೆ. ಆದರೆ ಪೂರ್ತಿ ಆಡಿ ಮುಗಿಸಿದವರನ್ನು ಯಾವುದು ನೆನಪಿದೆ ಎಂದು ಕೇಳಿದರೆ, ಎಷ್ಟೋ ಜನ ಗುಂಡಿನ ಕಾಳಗದ ಮಾತೇ ಎತ್ತುವುದಿಲ್ಲ. ನಾಯಕ ಮನೆಗೆ ಬಂದು ಕಣಜದ ಕಾಗೆ ಓಡಿಸುವ, ದನ ಅಟ್ಟುವ, ಮಗನನ್ನು ಬೇಟೆಗೆ ಕರೆದೊಯ್ಯುವ ಕೊನೆಯ ಭಾಗವನ್ನು ಹೇಳುತ್ತಾರೆ. ತಮಾಷೆಯೆಂದರೆ, ಗೇಮ್ ಬಂದ ಹೊಸದರಲ್ಲಿ ಬಹಳಷ್ಟು ಆಟಗಾರರು ಗೊಣಗಿದ್ದು ಇದೇ ಭಾಗದ ಬಗ್ಗೆ. ಆ ಅಭಿಪ್ರಾಯ ಹೇಗೆ ತಿರುಗಿತು ಎಂಬುದೇ ಈ ಬರಹ. ಕಥೆಯ ಕೊನೆಯನ್ನು ಹೇಳದೆ ಬರೆಯಲು ಆಗುವುದಿಲ್ಲ. ಆಡುವ ಆಸೆ ಇರುವವರು ಆಡಿ ಮುಗಿಸಿ ಬಂದು ಓದಿದರೂ ಸರಿಯೇ. ಇನ್ನೊಂದು ಮಾತು: ಇದು ದೊಡ್ಡವರ ಗೇಮ್, ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಶುರುವಾದದ್ದು ಹೀಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಏಂಜೆಲ್ ಸ್ಟುಡಿಯೋಸ್ ಎಂಬ ಕಂಪನಿ ಇತ್ತು. ಕಾರ್ ರೇಸ್ ಗೇಮ್‌ಗಳಿಗೆ ಹೆಸರಾಗಿತ್ತು. ಜಪಾನಿನ ಕ್ಯಾಪ್‌ಕಾಮ್ ಜೊತೆ ಸೇರಿ ಒಂದು ಕೌಬಾಯ್ ಗೇಮ್ ಕೈಗೆತ್ತಿಕೊಂಡಿತು. 2002ರಲ್ಲಿ ಟೇಕ್-ಟೂ ಎಂಬ ದೊಡ್ಡ ಕಂಪನಿ ಏಂಜೆಲ್ ಅನ್ನು ಕೊಂಡುಕೊಂಡು, ತನ್ನ ರಾಕ್‌ಸ್ಟಾರ್ ಬಳಗಕ್ಕೆ ಸೇರಿಸಿತು. ಏಂಜೆಲ್ ಸ್ಟುಡಿಯೋಸ್ ರಾಕ್‌ಸ್ಟಾರ್ ಸ್ಯಾನ್ ಡಿಯಾಗೋ ಆಯಿತು. ಕ್ಯಾಪ್‌ಕಾಮ್ ಕೈಬಿಟ್ಟ ಗೇಮ್ ಅನ್ನು ರಾಕ್‌ಸ್ಟಾರ್ 2004ರಲ್ಲಿ ರೆಡ್ ಡೆಡ್ ರಿವಾಲ್ವರ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು.

ಅದು ಒಂದಾದ ಮೇಲೆ ಒಂದು ಹಂತ ದಾಟಿಕೊಂಡು ಹೋಗುವ ಆಟ. ಎರಡನೆಯದು ಹಾಗಲ್ಲ, ಓಪನ್ ವರ್ಲ್ಡ್. ಅಂದರೆ ಇಡೀ ಸೀಮೆಯನ್ನೇ ಕಟ್ಟಿ ನಿಮ್ಮ ಮುಂದೆ ಹರಡಿದ್ದಾರೆ. ಕಥೆಯ ಕೆಲಸಕ್ಕೆ ಹೋಗಬಹುದು, ಹೋಗದೆ ಮೊಲದ ಹಿಂದೆ ಓಡಬಹುದು, ಗುಡ್ಡದ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡುತ್ತಲೂ ಇರಬಹುದು. 2010ರ ಮೇ 18ರಂದು ಇದು ಅಮೆರಿಕದಲ್ಲಿ ಬಿಡುಗಡೆಯಾಯಿತು.

1911ರ ಕಥೆ

ಕಥೆ ನಡೆಯುವ ಕಾಲವನ್ನು ಯೋಚಿಸಿಯೇ ಆರಿಸಿದ್ದಾರೆ. ಪಶ್ಚಿಮ ಅಮೆರಿಕದ ಗಡಿಸೀಮೆಯ ಕಾಲ ಮುಗಿಯಿತು ಎಂದು ಅಲ್ಲಿನ ಜನಗಣತಿ ಹೇಳಿದ್ದು 1890ರಲ್ಲಿ. 1908ರಲ್ಲಿ ಕೇಂದ್ರ ಸರ್ಕಾರದ ತನಿಖಾ ದಳ ಹುಟ್ಟಿತು. ಅದೇ ಮುಂದೆ ಎಫ್‌ಬಿಐ ಆಯಿತು. 1910ರಲ್ಲಿ ಪಕ್ಕದ ಮೆಕ್ಸಿಕೋದಲ್ಲಿ ಕ್ರಾಂತಿ ಎದ್ದಿತು. ಗೇಮ್‌ನ 1911ರಲ್ಲಿ ಪಟ್ಟಣಕ್ಕೆ ಮೋಟಾರು ಕಾರು, ಟೆಲಿಫೋನು ಬಂದಾಗಿದೆ. ಕುದುರೆ ಮೇಲೆ ಬಂದೂಕು ಹಿಡಿದು ತಿರುಗುವವನಿಗೆ ಜಾಗ ಉಳಿದಿಲ್ಲ.

ಜಾನ್ ಮಾರ್ಸ್ಟನ್ ಅಂಥವನೇ. ಹಿಂದೆ ದರೋಡೆ ಗುಂಪಿನಲ್ಲಿದ್ದ. ಎಲ್ಲ ಬಿಟ್ಟು ಹೆಂಡತಿ ಅಬಿಗೇಲ್, ಮಗ ಜ್ಯಾಕ್ ಜೊತೆ ಬೇಸಾಯ ಮಾಡಿಕೊಂಡಿದ್ದ. ಸರ್ಕಾರಿ ಅಧಿಕಾರಿ ಎಡ್ಗರ್ ರಾಸ್ ಹೆಂಡತಿ ಮಗನನ್ನು ಹಿಡಿದಿಟ್ಟುಕೊಂಡು, ಹಳೆಯ ಗುಂಪಿನವರನ್ನು ಹಿಡಿದುಕೊಡು, ಆಮೇಲೆ ಅವರನ್ನು ಬಿಡುತ್ತೇನೆ ಎನ್ನುತ್ತಾನೆ. ಹೀಗೆ ಜಾನ್ ಬಂದೂಕು ಎತ್ತುವುದು ಚಿನ್ನಕ್ಕೋ ಸೇಡಿಗೋ ಅಲ್ಲ. ಮೊದಲ ದಿನದಿಂದಲೂ ಅವನಿಗೆ ಮನೆಗೆ ಹೋಗಬೇಕು, ಅಷ್ಟೆ.

ಮೊದಲ ಪ್ರಯತ್ನದಲ್ಲೇ ಗುಂಡು ತಿಂದು ಬೀಳುತ್ತಾನೆ. ಬೊನ್ನಿ ಮ್ಯಾಕ್‌ಫಾರ್ಲೇನ್ ಎಂಬ ರೈತನ ಮಗಳು ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಬದುಕಿಸುತ್ತಾಳೆ. ಆ ಋಣಕ್ಕೆ ಜಾನ್ ಅವರ ಹೊಲದಲ್ಲಿ ದನ ಮೇಯಿಸುತ್ತಾನೆ, ರಾತ್ರಿ ಕಾವಲು ಕಾಯುತ್ತಾನೆ, ಕಾಡು ಕುದುರೆ ಪಳಗಿಸುತ್ತಾನೆ.

ಬಂದ ಹೊಸದರಲ್ಲಿ ಕೇಳಿದ ಮಾತು

ವಿಮರ್ಶಕರು ಹೊಗಳಿದರು. ಬೇರೆ ಬೇರೆ ವಿಮರ್ಶೆಗಳ ಅಂಕ ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ 100ಕ್ಕೆ 95 ಬಿತ್ತು. ಆಟಗಾರರು ಮೆಚ್ಚಿದ್ದು ಮೊದಲಿಗೆ ಆ ಸೀಮೆಯನ್ನು. ದೂರದಲ್ಲಿ ಕವಿಯುವ ಮೋಡ, ಸಿಳ್ಳೆ ಹಾಕಿದರೆ ಓಡಿ ಬರುವ ಕುದುರೆ, ದಾರಿಯಲ್ಲಿ ಸಿಗುವ ಅಪರಿಚಿತರು. ಒಬ್ಬ ಮುದುಕ ಹೆಂಡತಿಗೆ ಕೊಡಲು ಹೂವು ಕಿತ್ತು ತಂದುಕೊಡು ಎಂದು ಜಾನ್‌ನನ್ನು ಕೇಳುತ್ತಾನೆ. ಹೂವು ಹಿಡಿದು ಮನೆಗೆ ಹೋದರೆ, ಅವಳು ಸತ್ತು ಎಷ್ಟೋ ಕಾಲವಾಗಿದೆ, ಕುರ್ಚಿಯಲ್ಲಿ ಕೂತಿರುವುದು ಬರೀ ಅಸ್ಥಿಪಂಜರ.

ಮೆಕ್ಸಿಕೋಗೆ ಹೋಗುವ ಕ್ಷಣ ಇನ್ನೊಂದು. ತೆಪ್ಪದಲ್ಲಿ ನದಿ ದಾಟುವಾಗ ಗುಂಡಿನ ಮಳೆ. ದಡ ಸೇರಿ ಒಂಟಿಯಾಗಿ ಕುದುರೆ ಏರಿದ ಮೇಲೆ ಹೊಸೆ ಗೊನ್ಸಾಲೆಸ್ ಎಂಬ ಗಾಯಕನ ಹಾಡು ಮೆಲ್ಲಗೆ ಶುರುವಾಗುತ್ತದೆ. ಅಲ್ಲಿಯವರೆಗೆ ಗೇಮ್‌ನಲ್ಲಿ ದನಿಯಿದ್ದ ಹಾಡೇ ಇರಲಿಲ್ಲ. ಸುಮ್ಮನೆ ದಾರಿ ಹಿಡಿದು ಹೋದವರಿಗೆ ಹಾಡು ಕೇಳಿತು. ನಡುವೆ ಕುದುರೆ ಇಳಿದು ಬೇಟೆಗೆ ನಿಂತವರಿಗೆ ಅರ್ಧಕ್ಕೆ ತಪ್ಪಿತು.

ಬೈಗುಳವೂ ಕಡಿಮೆ ಇರಲಿಲ್ಲ. ಮೊದಲ ದಿನಗಳಲ್ಲಿ ಗೇಮ್ ತಪ್ಪುಗಳಿಂದ ತುಂಬಿತ್ತು. ಕತ್ತೆಯ ಮೈಗೆ ಹೆಂಗಸಿನ ರೂಪ ಅಂಟಿಕೊಂಡ ವಿಡಿಯೋ, ಮನುಷ್ಯರು ಹಕ್ಕಿಯಂತೆ ಹಾರುವ ವಿಡಿಯೋ ಊರೆಲ್ಲ ಹರಿದಾಡಿದವು. ಮೆಕ್ಸಿಕೋ ಭಾಗ ಎಳೆದಾಡುತ್ತದೆ ಎಂಬ ದೂರು ಇಂದಿಗೂ ಇದೆ. ಅಲ್ಲಿ ಜಾನ್ ಒಂದು ಕಡೆ ದಬ್ಬಾಳಿಕೆಯ ಸೈನ್ಯಕ್ಕೆ ದುಡಿಯುತ್ತಾನೆ, ಇನ್ನೊಂದು ಕಡೆ ಅದೇ ಸೈನ್ಯದ ವಿರುದ್ಧ ಎದ್ದ ಬಂಡುಕೋರರಿಗೂ ದುಡಿಯುತ್ತಾನೆ. ಇವನಿಗೆ ಬುದ್ಧಿ ಬೇಡವೇ ಎಂದು ಆಟಗಾರರು ರೇಗಿದರು. ಹೆಂಡತಿ ಮಗನಿಗಾಗಿ ಯಾರ ಕಾಲು ಬೇಕಾದರೂ ಹಿಡಿಯುತ್ತಾನೆ ಎಂದು ಅವನ ಪರ ನಿಂತವರೂ ಇದ್ದರು.

ಕಾಗೆ, ದನ, ಮಗ

ಹಳೆಯ ಗುಂಪಿನ ನಾಯಕ ಡಚ್ ಸತ್ತ ಮೇಲೆ ರಾಸ್ ಮಾತು ಉಳಿಸಿಕೊಳ್ಳುತ್ತಾನೆ. ಜಾನ್ ಬೀಚರ್ಸ್ ಹೋಪ್ ಎಂಬ ತನ್ನ ಹೊಲಮನೆಗೆ ಬರುತ್ತಾನೆ. ಕಥೆ ಮುಗಿಯಿತು ಎಂದು ಆಟಗಾರ ಕಾಯುತ್ತಾನೆ. ಮುಗಿಯುವುದಿಲ್ಲ. ಕಣಜಕ್ಕೆ ಮುತ್ತಿದ ಕಾಗೆಗಳನ್ನು ನೋಡು ಎನ್ನುತ್ತಾಳೆ ಅಬಿಗೇಲ್. ಬೊನ್ನಿಯ ಹತ್ತಿರ ದನ ತಂದು ಮನೆವರೆಗೆ ಅಟ್ಟಿಕೊಂಡು ಬರಬೇಕು. ಪುಸ್ತಕ ಹಿಡಿದು ಕೂರುವ, ಅಪ್ಪನ ಮೇಲೆ ಮುನಿಸಿಕೊಂಡಿರುವ ಜ್ಯಾಕ್‌ಗೆ ಬೇಟೆ ಕಲಿಸಬೇಕು. ಅವನು ಹುಡುಗುಬುದ್ಧಿಯಲ್ಲಿ ಒಬ್ಬನೇ ಕರಡಿ ಬೇಟೆಗೆ ಹೋದರೆ ಓಡಿಹೋಗಿ ಉಳಿಸಿಕೊಳ್ಳಬೇಕು.

ಡಚ್‌ನ ಕೋಟೆಗೆ ನುಗ್ಗಿ ಬಂದ ಕೈಗೆ ಕಾಗೆ ಓಡಿಸುವ ಕೆಲಸ! ಬಹಳ ಮಂದಿಗೆ ಇದು ಬೇಸರ ತಂದಿತು. ಕೆಲಸಗಳನ್ನು ಸರಸರ ಮುಗಿಸಿ ಮುಂದೆ ಓಡಿದರು.

ಮುಂದೆ ಇದ್ದದ್ದು ಸಾವು. ರಾಸ್ ಸೈನಿಕರನ್ನು ಕಟ್ಟಿಕೊಂಡು ಬರುತ್ತಾನೆ. ಜಾನ್ ಹೆಂಡತಿ ಮಗನನ್ನು ಕೊಟ್ಟಿಗೆಯಲ್ಲಿ ಒಂದೇ ಕುದುರೆ ಮೇಲೆ ಕೂರಿಸಿ ಕಳಿಸುತ್ತಾನೆ. ಕೊಟ್ಟಿಗೆಯ ಬಾಗಿಲು ತೆರೆದರೆ ಎದುರಿಗೆ ಸಾಲಾಗಿ ಬಂದೂಕುಗಳು. ಗೇಮ್‌ನ ಉದ್ದಕ್ಕೂ ಆಟಗಾರನನ್ನು ಕಾಪಾಡಿದ, ಕಾಲವನ್ನೇ ನಿಧಾನ ಮಾಡುವ ಡೆಡ್ ಐ ಶಕ್ತಿ ಇಲ್ಲೂ ಬರುತ್ತದೆ. ಒಂದಷ್ಟು ಜನರನ್ನು ಹೊಡೆಯಬಹುದು. ಎಲ್ಲರನ್ನೂ ಹೊಡೆಯಲು ಸಾಧ್ಯವೇ ಇಲ್ಲ. ತಾವು ಎಲ್ಲೋ ತಪ್ಪಿದೆವು ಎಂದುಕೊಂಡು ಮತ್ತೆ ಮತ್ತೆ ಆಡಿ ನೋಡಿದವರು ಎಷ್ಟೋ. ಗೆಲ್ಲುವ ದಾರಿಯನ್ನು ಅಲ್ಲಿ ಇಟ್ಟೇ ಇರಲಿಲ್ಲ.

ಕಥೆ 1914ಕ್ಕೆ ಹಾರುತ್ತದೆ. ಗುಡ್ಡದ ಮೇಲೆ ಅಪ್ಪನ ಸಮಾಧಿಯ ಪಕ್ಕ ಅಮ್ಮನದೂ ಇದೆ. ಈಗ ನೀವು ಜ್ಯಾಕ್. ಅವನ ಕೀಚಲು ದನಿಯನ್ನು ಆಟಗಾರರು ಇವತ್ತಿಗೂ ಹಾಸ್ಯ ಮಾಡುತ್ತಾರೆ. ನಿವೃತ್ತನಾದ ರಾಸ್‌ನನ್ನು ಹುಡುಕಿ ಹೊಡೆಯುವ ಕೆಲಸ ಮುಖ್ಯ ಕಥೆಯ ಗುರುತಿನಲ್ಲಿ ಬರುವುದಿಲ್ಲ. ಅದು ಒಂದು ಬಿಡಿ ಕೆಲಸದಂತೆ ಇದೆ, ತಾವಾಗಿ ಕಂಡುಕೊಳ್ಳಬೇಕು. ಹೊಡೆದ ಮೇಲೆಯೇ ಗೇಮ್ ಮಾಡಿದವರ ಹೆಸರುಗಳು ತೆರೆಯ ಮೇಲೆ ಬರುತ್ತವೆ. ಮಗ ಅಪ್ಪನಂತೆ ಆಗಬಾರದು ಎಂದೇ ಜಾನ್ ಇಷ್ಟೆಲ್ಲ ಮಾಡಿದ್ದ, ಕೊನೆಗೆ ಮಗ ಅದೇ ಆದ. ಇದು ನ್ಯಾಯವೋ ಸೋಲೋ ಎಂಬ ವಾದ ಮುಗಿದಿಲ್ಲ.

ಹೊಲಮನೆಯ ಭಾಗದ ಬೆಲೆ ಹಲವರಿಗೆ ತಿಳಿದದ್ದು ಆ ಕೊಟ್ಟಿಗೆಯ ಬಾಗಿಲ ಬಳಿ. ಸರಸರ ಮುಗಿಸಿದ್ದ ಆ ಕೆಲಸಗಳೇ ಜಾನ್‌ಗೆ ಸಿಕ್ಕ ಬದುಕಾಗಿದ್ದವು.

ಹೆಂಡತಿಯರು ಬರೆದ ಪತ್ರ

ಈಗ ಗೇಮ್‌ನಿಂದ ಆಚೆ ಬನ್ನಿ. ಬಿಡುಗಡೆಗೆ ನಾಲ್ಕು ತಿಂಗಳು ಮುಂಚೆ, 2010ರ ಜನವರಿಯಲ್ಲಿ, ಗೇಮ್ ಮಾಡುವವರು ಓದುವ ಗಾಮಾಸೂತ್ರ ಎಂಬ ಜಾಲತಾಣದಲ್ಲಿ ಒಂದು ಬಹಿರಂಗ ಪತ್ರ ಬಂತು. ಬರೆದವರು ತಾವು ರಾಕ್‌ಸ್ಟಾರ್ ಸ್ಯಾನ್ ಡಿಯಾಗೋ ಉದ್ಯೋಗಿಗಳ ಹೆಂಡತಿಯರು ಎಂದು ಹೇಳಿಕೊಂಡಿದ್ದರು, ಹೆಸರು ಹಾಕಿರಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನ ದುಡಿಸಲಾಗುತ್ತಿದೆ, ಗಂಡಂದಿರ ಆರೋಗ್ಯ ಕೆಡುತ್ತಿದೆ, ಸಂಸಾರ ಸೊರಗುತ್ತಿದೆ ಎಂಬುದು ಪತ್ರದ ಸಾರ. ಆಗ ಆ ಸ್ಟುಡಿಯೋದಲ್ಲಿ ನಡೆಯುತ್ತಿದ್ದ ದೊಡ್ಡ ಕೆಲಸ ಇದೇ ಗೇಮ್. ಕಂಪನಿ ಆರೋಪ ಒಪ್ಪಲಿಲ್ಲ. ಹೆಸರಿಲ್ಲದವರ ಮಾತನ್ನೇ ಸತ್ಯ ಎಂದು ಹಿಡಿಯಲಾಗುತ್ತಿದೆ ಎಂಬ ಧಾಟಿಯಲ್ಲಿ ಉತ್ತರಿಸಿತು.

ಮನೆಗೆ ಹೋಗಲು ಹಂಬಲಿಸುವ ಗಂಡಸಿನ ಕಥೆ ತಯಾರಾಗುತ್ತಿದ್ದ ಕಟ್ಟಡ ಅದು. ಅದರ ಹೊರಗೆ ಹೆಂಡತಿಯರು ತಮ್ಮ ಗಂಡಂದಿರನ್ನು ಮನೆಗೆ ಕಳಿಸಿ ಎಂದು ಬರೆಯುತ್ತಿದ್ದರು. ಗೇಮ್ ಬಿಡುಗಡೆಯಾದ ಸಂಭ್ರಮದಲ್ಲಿ ಆ ಪತ್ರ ಹಿಂದೆ ಸರಿಯಿತು.

2018: ಅದೇ ಮನೆ, ಮೊದಲ ಮೊಳೆ

2018ರ ಅಕ್ಟೋಬರ್ 26ರಂದು ರೆಡ್ ಡೆಡ್ ರಿಡೆಂಪ್ಷನ್ 2 ಬಂತು. ಹೆಸರಿನಲ್ಲಿ ಎರಡನೆಯದಾದರೂ ಕಥೆ ಹಿಂದಿನದು, 1899ರಲ್ಲಿ ಶುರುವಾಗುತ್ತದೆ. ಅದರ ಕೊನೆಗೆ, 1907ರಲ್ಲಿ, ಜಾನ್ ಬ್ಯಾಂಕಿನಲ್ಲಿ ಸಾಲ ಮಾಡಿ ಬೀಚರ್ಸ್ ಹೋಪ್ ಜಮೀನು ಕೊಳ್ಳುತ್ತಾನೆ. ಮರದ ಸಾಮಾನು ತರಿಸಿ ಗೆಳೆಯರೊಂದಿಗೆ ಮನೆ ಕಟ್ಟುತ್ತಾನೆ. ಆಟಗಾರನೇ ಸುತ್ತಿಗೆ ಹಿಡಿದು ಮೊಳೆ ಹೊಡೆಯಬೇಕು.

ಇದನ್ನು ಆಡಿ ಮತ್ತೆ ಹಳೆಯ ಗೇಮ್‌ಗೆ ಮರಳಿದವರಿಗೆ ಆ ಕಣಜ, ಆ ಕೊಟ್ಟಿಗೆ ಬೇರೆಯಾಗಿಯೇ ಕಂಡವು. ಸಾಲ ಮಾಡಿ ಕಟ್ಟಿದ ಮನೆಯ ಕಣಜದ ಮೇಲೆ ಕಾಗೆ ಕೂತರೆ ಸುಮ್ಮನೆ ನೋಡಲಾಗುವುದೇ? ಬೇಸರದ ಕೆಲಸ ಎಂದಿದ್ದವರು ಗೇಮ್‌ನ ಜೀವವೇ ಅಲ್ಲಿದೆ ಎನ್ನತೊಡಗಿದರು.

ಅದೇ ತಿಂಗಳು ಹಳೆಯ ಪತ್ರದ ಮಾತೂ ಮತ್ತೆ ಎದ್ದಿತು. ರಾಕ್‌ಸ್ಟಾರ್‌ನ ಡ್ಯಾನ್ ಹೌಸರ್ ಒಂದು ಸಂದರ್ಶನದಲ್ಲಿ, ವಾರಕ್ಕೆ ನೂರು ಗಂಟೆ ದುಡಿದೆವು ಎಂದು ಹೆಮ್ಮೆಯಿಂದಲೇ ಹೇಳಿದರು. ಗದ್ದಲ ಎದ್ದ ಮೇಲೆ, ಅದು ತಾನು ಸೇರಿ ನಾಲ್ಕು ಜನ ಬರಹಗಾರರ ಮೂರು ವಾರದ ಮಾತಷ್ಟೇ ಎಂದು ವಿವರಿಸಿದರು. ಈ ಬಾರಿ ಆಟಗಾರರೂ ಕೇಳತೊಡಗಿದ್ದರು: ಇಷ್ಟು ಚೆಂದದ ಕೆಲಸಕ್ಕೆ ತೆತ್ತವರು ಯಾರು?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಎರಡನೇ ಗೇಮ್‌ಗೆ ದುಡಿದ ತಂಡಗಳಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಕೂಡ ಒಂದು. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರ್ಯಾಕ್ಟಿವ್ ನಮ್ಮ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದನ್ನೂ ರಾಕ್‌ಸ್ಟಾರ್ ಕೊಂಡುಕೊಂಡಿತು. ಗೇಮ್ ಕೆಲಸಕ್ಕೆ ಸೇರಬೇಕೆಂದು ಕನಸು ಕಾಣುವ ನಮ್ಮ ಹುಡುಗ ಹುಡುಗಿಯರು ಸಂಬಳ ಕೇಳುವಾಗ, ಮನೆಗೆ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದೂ ಕೇಳಬೇಕು.

ಹಳೆಯ ಗೇಮ್, ಹೊಸ ದರ

2023ರ ಆಗಸ್ಟ್ 17ರಂದು ಹಳೆಯ ಗೇಮ್ ಪ್ಲೇಸ್ಟೇಷನ್ 4 ಮತ್ತು ನಿಂಟೆಂಡೋ ಸ್ವಿಚ್‌ಗೆ ಬಂತು. ದರ 50 ಡಾಲರ್. ಹಲವರು ಸೇರಿ ಆಡುವ ಭಾಗವನ್ನು ತೆಗೆದುಹಾಕಿದ್ದರು, ಚಿತ್ರವನ್ನೂ ಹೊಸದಾಗಿ ಮಾಡಿರಲಿಲ್ಲ. ಹದಿಮೂರು ವರ್ಷ ಹಳೆಯ ಮಾಲಿಗೆ ಈ ಬೆಲೆಯೇ ಎಂದು ಆಟಗಾರರು ಸಿಟ್ಟಾದರು. ಕಂಪ್ಯೂಟರ್‌ನಲ್ಲಿ ಆಡುವವರಂತೂ 2024ರ ಅಕ್ಟೋಬರ್ 29ರವರೆಗೆ, ಹದಿನಾಲ್ಕು ವರ್ಷ ಕಾದರು. ಈ ಸಿಟ್ಟನ್ನೂ ಅಭಿಮಾನದ ಲೆಕ್ಕಕ್ಕೇ ಸೇರಿಸಬೇಕು. ಬೇಡವಾದ ಗೇಮ್‌ನ ದರ ಎಷ್ಟಾದರೆ ಯಾರಿಗೇನು?

ಈಗ ಅದು ಫೋನಿಗೇ ಬಂದಿದೆ. ಆಡುವುದಾದರೆ, ಹೊಲಮನೆ ತಲುಪಿದ ಮೇಲೆ ಅವಸರ ಮಾಡಬೇಡಿ. ದನಗಳು ನಿಧಾನವಾಗಿ ಬರಲಿ. ಜ್ಯಾಕ್ ಹೇಳುವುದನ್ನು ಪೂರ್ತಿ ಕೇಳಿ. ಕೊನೆಗೆ ರಾಸ್ ಸತ್ತು ಹೆಸರುಗಳ ಪಟ್ಟಿ ಮೇಲೇರುವಾಗ ಫೋನ್ ಕೆಳಗಿಡದೆ ಒಂದಷ್ಟು ಹೆಸರು ಓದಿ. 2010ರ ಜನವರಿಯಲ್ಲಿ ಯಾರ ಹೆಂಡತಿಯರು ಕಾಯುತ್ತಿದ್ದರೋ, ಅವರ ಹೆಸರುಗಳೂ ಅಲ್ಲೇ ಇರಬಹುದು.