ಒಲೆಗೆ ತಕ್ಕ ಹೊಗೆಗೂಡು

ಚಿಮಣಿ ಎಂದರೇನು ಎಂದು ಉತ್ತರ ಕರ್ನಾಟಕದ ಅಥವಾ ಕರಾವಳಿಯ ಹಿರಿಯರೊಬ್ಬರನ್ನು ಕೇಳಿ ನೋಡಿ. ಸೀಮೆಎಣ್ಣೆಯ ಪುಟ್ಟ ದೀಪ ಎನ್ನುತ್ತಾರೆ. ಎಣ್ಣೆಗೂ ಚಿಮಣಿ ಎಣ್ಣೆ ಎಂದೇ ಹೆಸರು. (ಮುಂಬೈ, ಪುಣೆಯ ಓದುಗರಿಗೆ ಈ ಪದದಲ್ಲಿ ಗುಬ್ಬಚ್ಚಿಯೂ ಕೇಳಿಸೀತು; ಅದು ಬೇರೆಯೇ ಪದ.) ಕಂದೀಲಿನ ಗಾಜಿನ ಕೊಳವೆಯನ್ನು ಇಂಗ್ಲಿಷಿನವರು ಚಿಮ್ನಿ ಎಂದರು. ಗಾಜೇ ಇಲ್ಲದ ತಗಡಿನ ಬುಡ್ಡಿಗೂ ನಮ್ಮಲ್ಲಿ ಅದೇ ಹೆಸರು ಅಂಟಿತು. ಕೊಳವೆಯ ಹೆಸರು ಬೆಂಕಿಗೆ ಬಂತು. ಇಂಗ್ಲಿಷಿನಲ್ಲಿ ಆದದ್ದು ಇದರ ತಿರುವುಮುರುವು. ಗ್ರೀಕಿನ ಕಾಮಿನೋಸ್ ಎಂದರೆ ಕುಲುಮೆ. ಅದು ಲ್ಯಾಟಿನ್, ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದಾಗ ಬೆಂಕಿಗೂಡು ಎಂಬ ಅರ್ಥವೇ ಇತ್ತು. ಆಮೇಲಷ್ಟೇ ಅದು ಮಾಡಿನ ಮೇಲಿನ ಕೊಳವೆಯಾಯಿತು. ಫ್ರೆಂಚರು ಇವತ್ತಿಗೂ ಎರಡನ್ನೂ ಒಂದೇ ಪದದಲ್ಲಿ ಕರೆಯುತ್ತಾರೆ.

ಆ ಪದ ಸರಿಯಾಗಿಯೇ ಇದೆ ಎನ್ನುವುದು ನನ್ನ ವಾದ. ಒಲೆ ಮತ್ತು ಹೊಗೆಗೂಡು ಒಂದೇ ಯಂತ್ರದ ಎರಡು ತುದಿ. ಬೇರೆ ಬೇರೆ ಎಂದುಕೊಂಡು ಕಟ್ಟಿದಾಗಲೆಲ್ಲ ಹೊಗೆ ಮನೆಯೊಳಗೇ ಉಳಿದಿದೆ.

ಹೊಗೆಗೂಡಿನೊಳಗಿನ ಬಿಸಿ ಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಅದು ಮೇಲೇರುತ್ತ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಎತ್ತರವಿದ್ದಷ್ಟೂ, ಒಳಗೆ ಬಿಸಿ ಉಳಿದಷ್ಟೂ ಸೆಳೆತ ಹೆಚ್ಚು. ಸಣ್ಣ ಒಲೆಗೆ ದೊಡ್ಡ ಗೂಡು ಕಟ್ಟಿದರೆ ಹೊಗೆ ಅಲ್ಲೇ ತಣ್ಣಗಾಗಿ, ಸೋಮಾರಿಯಾಗಿ ನಿಂತು, ಗೋಡೆಗೆ ಮಸಿಯಾಗಿ ಹತ್ತುತ್ತದೆ. ಕೊಳವೆ ತೀರ ಕಿರಿದಾದರೆ ಹೊಗೆ ಒಲೆಯ ಬಾಯಿಂದಲೇ ಮರಳುತ್ತದೆ. ಸೆಳೆತ ವಿಪರೀತವಾದರೂ ನಷ್ಟವೇ: ಪಾತ್ರೆಗೆ ತಾಗಬೇಕಾದ ಉರಿ ಕೊಳವೆಗೆ ಓಡುತ್ತದೆ.

ಇದನ್ನು ಕಲಿಯಲು ಬೆಂಜಮಿನ್ ಫ್ರಾಂಕ್ಲಿನ್‌ರಂಥವರಿಗೂ ಸಮಯ ಹಿಡಿಯಿತು. 1744ರಲ್ಲಿ ಅವರು ತಮ್ಮ ಪೆನ್ಸಿಲ್ವೇನಿಯಾ ಒಲೆಯ ಬಗ್ಗೆ ಒಂದು ಪುಸ್ತಿಕೆ ಅಚ್ಚುಹಾಕಿಸಿದರು. ಹೊಗೆಯ ಜೊತೆ ಹೋಗಿಬಿಡುವ ಶಾಖವನ್ನು ಕೋಣೆಯಲ್ಲೇ ಹಿಡಿದಿಡುವ ಆಸೆ ಅವರದು. ಅದಕ್ಕಾಗಿ ಹೊಗೆ ಒಂದು ಟೊಳ್ಳು ಕಬ್ಬಿಣದ ಪೆಟ್ಟಿಗೆಯನ್ನು ಹತ್ತಿ, ಅದರ ಹಿಂದೆ ಕೆಳಗಿಳಿದು, ನೆಲದಡಿ ಸಾಗಿ, ಆಮೇಲೆ ಮನೆಯ ಹಳೆಯ ಗೂಡನ್ನು ಸೇರಬೇಕಿತ್ತು. ಆದರೆ ಬಿಸಿ ಹೊಗೆ ಕೆಳಗಿಳಿಯಬೇಕಾದರೆ ಮುಂದಿನ ಗೂಡು ಆಗಲೇ ಬೆಚ್ಚಗಿದ್ದು ಎಳೆಯುತ್ತಿರಬೇಕು. ಬೆಂಕಿ ಹೊತ್ತಿಸುವಾಗಲೂ ಉರಿ ಇಳಿದಾಗಲೂ ಆ ಎಳೆತ ಇರಲಿಲ್ಲ. ಮುಂದೆ ಬೇರೆಯವರು ಹೊಗೆ ನೇರ ಮೇಲೇರುವಂತೆ ಅದನ್ನು ತಿದ್ದಿದರು. ಇವತ್ತು ಫ್ರಾಂಕ್ಲಿನ್ ಒಲೆ ಎಂದು ಕರೆಸಿಕೊಳ್ಳುವುದು ಬಹುಪಾಲು ಈ ತಿದ್ದಿದ ಒಲೆಯೇ. ಫ್ರಾಂಕ್ಲಿನ್ ಮಾತ್ರ ಹೊಗೆಯ ಸಹವಾಸ ಬಿಡಲಿಲ್ಲ. 1785ರಲ್ಲಿ ಫ್ರಾನ್ಸಿನಿಂದ ಮರಳುವ ಹಡಗಿನಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಅವರು, ಹೊಗೆಗೂಡುಗಳು ಹೊಗೆ ಕಾರಲು ಒಂಬತ್ತು ಕಾರಣಗಳನ್ನು ಎಣಿಸಿ ಒಂದು ದೀರ್ಘ ಪತ್ರ ಬರೆದರು.

ಕೌಂಟ್ ರಮ್‌ಫೋರ್ಡ್ ಹೊಸ ಒಲೆ ಮಾರಲು ಹೋಗದೆ ಇದ್ದ ಗೂಡನ್ನೇ ಅಳೆದರು. 1796ರ ಪ್ರಬಂಧದಲ್ಲಿ ಅವರು ಹೇಳಿದ್ದು ಇಷ್ಟೇ: ಗೂಡಿನ ಗಂಟಲನ್ನು ನಾಲ್ಕು ಅಂಗುಲದಷ್ಟಕ್ಕೆ ಕಿರಿದು ಮಾಡಿ, ಬೆಂಕಿಯ ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿ. ನಾಲ್ಕಾರು ಇಟ್ಟಿಗೆ, ಒಂದಿಷ್ಟು ಗಾರೆಯ ಕೆಲಸ. ಲಂಡನ್ನಿನಲ್ಲಿ ಇದು ಎಷ್ಟು ಮನೆಮಾತಾಯಿತೆಂದರೆ ಜೇನ್ ಆಸ್ಟಿನ್‌ರ ‘ನಾರ್ಥ್ಯಾಂಗರ್ ಆ್ಯಬಿ’ಯಲ್ಲೂ ರಮ್‌ಫೋರ್ಡ್ ಬೆಂಕಿಗೂಡು ಬರುತ್ತದೆ. ಅದನ್ನು ಅನುವಾದಿಸುವವರು ಅಲ್ಲೊಂದು ಅಡಿಟಿಪ್ಪಣಿ ಹಾಕಲೇಬೇಕು.

ನಮ್ಮ ಅಡುಗೆಮನೆಯ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಗೂಡೇ ಇರಲಿಲ್ಲ. ಹೊಗೆ ಅಟ್ಟಕ್ಕೇರಿ, ಹೆಂಚಿನ ಸಂದಿಯಲ್ಲಿ ಹೊರಬೀಳುತ್ತಿತ್ತು. ಆ ಹಾದಿಯಲ್ಲಿ ಅಟ್ಟದ ಸೌದೆಯನ್ನು ಒಣಗಿಸಿ, ಮರದ ತೊಲೆಗಳಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಈ ಉಪಕಾರದ ಬೆಲೆ ತೆತ್ತವರು ಊದುಗೊಳವೆ ಹಿಡಿದು ಒಲೆ ಮುಂದೆ ಕೂತ ಹೆಂಗಸರು. ಅವರ ಕಣ್ಣುರಿ, ಕೆಮ್ಮು ರೋಗ ಎಂದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

1940ರ ದಶಕದಲ್ಲಿ ವರ್ಧಾದ ಮಗನವಾಡಿಯಲ್ಲಿ ಹೊಗೆಕೊಳವೆಯುಳ್ಳ ಮಗನ್ ಚೂಲಾ ರೂಪುಗೊಂಡಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಅಲ್ಲಿಯೇ ಮಣ್ಣಿನ ಒಲೆಯೊಂದನ್ನು ರೂಪಿಸಿ, ಕೋಟ್ಯಂತರ ಜನಕ್ಕೆ ಹೊಗೆಯಿಲ್ಲದ ಅಡುಗೆಮನೆ ಎಂಬ ಅರ್ಥದ ಶೀರ್ಷಿಕೆಯಲ್ಲಿ 1953ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು. ಉರಿ ಒಂದು ಪಾತ್ರೆಯಿಂದ ಇನ್ನೊಂದರ ಅಡಿಗೆ ಸಾಗಿ ಕೊನೆಗೆ ಕೊಳವೆ ಸೇರುವ ಏರ್ಪಾಡು ಅದು. ಕೋಡೊಲೆ ಕಂಡವರಿಗೆ ಈ ಯೋಚನೆ ಅರ್ಧ ಪರಿಚಿತವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಹುಟ್ಟಿತು. 1980ರ ದಶಕದ ಮೊದಲಲ್ಲಿ ಅಲ್ಲಿ ತಯಾರಾದ ಮೂರು ಪಾತ್ರೆಗಳ ಅಸ್ತ್ರ ಒಲೆಯಲ್ಲಿ ಅಳತೆಯೇ ಪ್ರಾಣ. ಸೌದೆಯ ಕೆಳಗೆ ಜಾಲರಿ, ಪಾತ್ರೆಯ ತಳಕ್ಕೂ ಮಣ್ಣಿಗೂ ನಡುವೆ ಉರಿ ಹಾಯಲು ಇಷ್ಟೇ ಸಂದಿ, ಅದಕ್ಕೆ ಹೊಂದುವ ಕೊಳವೆ. ಹಳೆಯ ಒಲೆ ಸೌದೆಯ ಶಾಖದಲ್ಲಿ 10ರಿಂದ 15 ಪ್ರತಿಶತವನ್ನು ಪಾತ್ರೆಗೆ ಕೊಟ್ಟರೆ, ಪ್ರಯೋಗಾಲಯದಲ್ಲಿ ಇದು 40ರ ಆಸುಪಾಸು ಮುಟ್ಟಿತು.

ಆದರೆ ಅಳತೆ ಹಳ್ಳಿ ತಲುಪುವುದು ಗಾರೆಯವನ ಕೈಯಲ್ಲಿ. ಕೇಂದ್ರ ಸರ್ಕಾರ 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ 2002ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಹಂಚಿದ ಒಲೆಗಳು ಮೂರು ಕೋಟಿಗೂ ಹೆಚ್ಚು ಎನ್ನುತ್ತದೆ ಲೆಕ್ಕ. ಗುರಿಯೆಲ್ಲ ಸಂಖ್ಯೆಯದು, ಕಟ್ಟಿದ ಮೇಲೆ ತಿರುಗಿ ನೋಡುವವರು ಕಡಿಮೆ. ಕೊಳವೆಯೊಳಗೆ ಮಸಿ ಕಟ್ಟಿತು, ಒಲೆಯ ಮಣ್ಣು ಬಿರುಕು ಬಿಟ್ಟಿತು, ಹೆಂಚು ತೆಗೆದು ಕೊಳವೆ ತೂರಿಸಿದ ಕಡೆ ಮಳೆಗಾಲದಲ್ಲಿ ಸೋರಿತು. ಮಾಡಿಗೆ ಹತ್ತಿ ಮಸಿ ತೆಗೆಯುವವರು ಯಾರು? ಅಡುಗೆ ಮಾಡುವವಳು ಹತ್ತುವಂತಿಲ್ಲ. ಹತ್ತಬಲ್ಲವನಿಗೆ ಹೊಗೆ ತಾಗುವುದಿಲ್ಲ.

ಒಡಿಶಾದಲ್ಲಿ ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಹೊಗೆಕೊಳವೆಯ ಮಣ್ಣಿನ ಒಲೆ ಪಡೆದ ಮನೆಗಳನ್ನು ನಾಲ್ಕು ವರ್ಷದವರೆಗೆ ಗಮನಿಸಿದರು. ಮೊದಲ ವರ್ಷ ಅಡುಗೆಯವರ ಉಸಿರಿಗೆ ಸೇರುವ ಹೊಗೆ ಇಳಿದಿತ್ತು. ಆಮೇಲೆ ಆ ಲಾಭ ಉಳಿಯಲಿಲ್ಲ. ರಿಪೇರಿ ನಿಂತಿತ್ತು, ಬಳಕೆ ಇಳಿದಿತ್ತು, ಸೌದೆಯ ಖರ್ಚೂ ತಗ್ಗಿರಲಿಲ್ಲ. ಇದನ್ನೋದಿ ಒಲೆಯೇ ಸುಳ್ಳು ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ವರ್ಷ ಹೊಗೆ ಇಳಿದದ್ದು ನಿಜ. ಅದನ್ನು ಎರಡನೆಯ ವರ್ಷಕ್ಕೆ ದಾಟಿಸುವ ಕೆಲಸಕ್ಕೆ ಯೋಜನೆಯಲ್ಲಿ ಜಾಗ ಇರಲಿಲ್ಲ.

2016ರಲ್ಲಿ ಉಜ್ವಲಾ ಬಂದ ಮೇಲೆ ಚರ್ಚೆ ಸಿಲಿಂಡರಿನ ಕಡೆ ತಿರುಗಿತು, ಮಸಿಯ ಮಾತು ಹಿಂದೆ ಸರಿಯಿತು. ಆದರೂ ಗ್ಯಾಸ್ ಇರುವ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆ ಕಾಯುವುದು ಸೌದೆಯಲ್ಲೇ. ಆ ಒಲೆಗೆ ಹೊಗೆಗೂಡು ಇದ್ದರೂ ಅದರ ಎತ್ತರ, ಅಗಲ ಇವತ್ತಿಗೂ ಕಟ್ಟಿದವರ ಕಣ್ಣಳತೆಗೆ ಬಿಟ್ಟದ್ದು.