ಬುಕ್ಕರಾಯನು ಕೇಳಿದ ಬಿನ್ನಹ

ನಮ್ಮ ನುಡಿಯಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಮುಖಗಳುಂಟು. ಇನ್ನೊಬ್ಬರು ಹೇಳಿದ್ದಕ್ಕೆ ಕಿವಿಗೊಡುವುದೂ ಕೇಳುವುದೇ; ನಮಗೆ ತಿಳಿಯದ್ದನ್ನು ಇನ್ನೊಬ್ಬರಿಂದ ವಿಚಾರಿಸುವುದೂ ಕೇಳುವುದೇ. ಅನ್ಯಮತದವರ ವಿಷಯ ಬಂದಾಗ ನಾವು ಇವೆರಡನ್ನೂ ಬಿಟ್ಟುಬಿಡುವುದೇ ಹೆಚ್ಚು. ಅವರ ಸಂಗತಿ ನಮಗೆ ಮೊದಲೇ ಗೊತ್ತಿದೆಯೆಂಬ ಭಾವನೆಯಿಂದ ವಿಚಾರಿಸುವುದಿಲ್ಲ; ವಿಚಾರಿಸದ ಮೇಲೆ ಕಿವಿಗೊಡುವ ಪ್ರಸಂಗವೇ ಒದಗುವುದಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನು ದೊಡ್ಡ ಸಂಪತ್ತೆಂದು ಎಣಿಸಿತು. ಸೈರಣೆ ಹಿರಿಯ ಗುಣವೇ ಸರಿ. ಆದರೆ ಸೈರಿಸುವವನು ಸುಮ್ಮನಿದ್ದರೂ ನಡೆದೀತು. ಕೇಳಿದವನಿಗೆ ಆ ಸೌಕರ್ಯವಿಲ್ಲ. ಕೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ಈ ಮಾತಿಗೆ ನಿದರ್ಶನವಾಗಿ ನಮ್ಮ ನಾಡಿನ ಒಂದು ಶಿಲಾಶಾಸನದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟೇಶ್ವರನ ದರ್ಶನ ಮಾಡಿ, ಬೆಟ್ಟವಿಳಿದು, ಹಾಗೆಯೇ ಹಿಂದಿರುಗುವುದು ವಾಡಿಕೆ. ಊರೊಳಗೆ ಭಂಡಾರಿ ಬಸದಿಯೆಂಬ ದೊಡ್ಡ ಬಸದಿಯೊಂದುಂಟು. ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಅದನ್ನು ಇಪ್ಪತ್ತನಾಲ್ವರು ತೀರ್ಥಂಕರರಿಗಾಗಿ ಕಟ್ಟಿಸಿದನು. ಅಲ್ಲಿರುವ ಶಾಸನವೊಂದು ಶಕವರ್ಷ 1290ರ ಕೀಲಕ ಸಂವತ್ಸರ, ಭಾದ್ರಪದ ಮಾಸದ್ದು, ಎಂದರೆ ಕ್ರಿ.ಶ. 1368ರದು. ಬಿ. ಎಲ್. ರೈಸರು ಈ ಕ್ಷೇತ್ರದ 144 ಶಾಸನಗಳನ್ನು 1889ರಲ್ಲಿ ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ 500ಕ್ಕೆ ಬೆಳೆಸಿದರು. ನಾನು ಹೇಳಹೊರಟ ಶಾಸನವು ಎರಡು ಮುದ್ರಣಗಳಲ್ಲಿಯೂ ಸೇರಿದೆ.

ಆಗ ವಿಜಯನಗರದ ಸಿಂಹಾಸನದಲ್ಲಿದ್ದವನು ಒಂದನೆಯ ಬುಕ್ಕರಾಯ. 1356ರಿಂದ 1377ರವರೆಗೆ ಆಳಿದ ಈತನ ಮನೆತನದ ಆರಾಧ್ಯದೈವ ವಿರೂಪಾಕ್ಷ. ಗಂಗರ ಕಾಲದಲ್ಲಿಯೂ ಹೊಯ್ಸಳರ ಕಾಲದಲ್ಲಿಯೂ ರಾಜಾಶ್ರಯವನ್ನು ಕಂಡಿದ್ದ ಜೈನರ ಬಲ ಅಷ್ಟುಹೊತ್ತಿಗೆ ತಗ್ಗಿತ್ತು. ಶ್ರೀವೈಷ್ಣವರ ಪ್ರಭಾವ ಬೆಳೆದಿತ್ತು. ಇಂಥ ಹೊತ್ತಿನಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಕೂಡಿಬಂದು, ‘ಭಕ್ತರು’ ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ವ್ಯಾಜ್ಯದ ತಿರುಳು ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕಿನದೆಂದು ತೀರ್ಪಿನಿಂದ ಊಹಿಸಬಹುದು. ಶೃಂಗ, ತಮ್ಮಟೆ, ಶಂಖ, ಭೇರಿ, ಜಯಘಂಟೆ ಇವನ್ನು ಪಂಚಮಹಾವಾದ್ಯಗಳೆಂದು ಎಣಿಸುವುದುಂಟು. ಇಷ್ಟಕ್ಕೆ ಅರಸನವರೆಗೆ ಹೋಗಬೇಕೆ ಎಂದು ನಮಗೆ ತೋರಬಹುದು. ಆದರೆ ವಾದ್ಯ ನಿಂತಿತೆಂದರೆ ಉತ್ಸವ ಬೀದಿಗೆ ಬರುವುದು ನಿಂತಂತೆ; ನಾವೂ ಈ ಊರಿನವರೆಂದು ತಲೆಯೆತ್ತಿ ನಡೆಯುವುದು ನಿಂತಂತೆ. ಬಿನ್ನಹ ಮಾಡಿದವರಿಗೆ ಅದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಬುಕ್ಕರಾಯನು ಒಂದು ಕಡೆಯವರ ದೂರನ್ನು ಕೇಳಿ ಇನ್ನೊಂದು ಕಡೆಗೆ ಆಜ್ಞೆಯನ್ನು ಕಳುಹಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಹದಿನೆಂಟು ನಾಡುಗಳ ಶ್ರೀವೈಷ್ಣವರು ಎದುರಿಗಿದ್ದರು. ಕೋಯಿಲ್ ಎಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋಯಿಲ್ ಎಂದರೆ ಕಂಚಿ, ತಿರುನಾರಾಯಣಪುರ ಎಂದರೆ ಮೇಲುಕೋಟೆ ಇವು ಮುಖ್ಯವಾದ ಕ್ಷೇತ್ರಗಳ ಆಚಾರ್ಯರಿದ್ದರು. ಆಚಾರ್ಯರಷ್ಟೇ ಅಲ್ಲ, ದೇವಾಲಯದ ಸೇವೆಯವರೂ, ನೀರು ತರುವವರೂ, ತಿರುಕುಲ ಜಾಂಬವಕುಲಗಳವರೂ ಆ ಪಟ್ಟಿಯಲ್ಲಿದ್ದಾರೆ. ಇದು ಗಮನಿಸಬೇಕಾದ ಸಂಗತಿ. ಬೀದಿಯಲ್ಲಿ ಜಗಳ ಹುಟ್ಟಿದಾಗ ಎದುರುಬದುರಾಗುವವರು ಆಚಾರ್ಯರಿಗಿಂತ ಹೆಚ್ಚಾಗಿ ಈ ಸಾಮಾನ್ಯ ಜನರೇ. ಅವರೆಲ್ಲರ ಎದುರಿನಲ್ಲಿ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು.

ಭೇದವಿಲ್ಲವೆಂದರೆ ವೈಷ್ಣವರು ಜಿನನನ್ನು ಪೂಜಿಸಬೇಕೆಂದಾಗಲಿ, ಜೈನರು ತಿರುಮಣ್ಣನ್ನು ಧರಿಸಬೇಕೆಂದಾಗಲಿ ಅರ್ಥವಲ್ಲ. ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿಯೆಂದು ಬಗೆಯಬೇಕು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನಿಲ್ಲಿಸಬೇಕು. ಚಂದ್ರಸೂರ್ಯರಿರುವವರೆಗೆ ಜೈನದರ್ಶನವನ್ನು ರಕ್ಷಿಸಿಕೊಂಡು ಬರಬೇಕು. ಯಾರ ಮೇಲೆ ದೂರು ಬಂದಿತ್ತೋ ಅವರಿಗೇ ರಕ್ಷಣೆಯ ಭಾರವನ್ನು ಹೊರಿಸಿದ್ದು ಈ ತೀರ್ಪಿನ ವಿಶೇಷ.

ಮುಂದೆ ಏರ್ಪಾಡಿನ ವಿವರವಿದೆ. ರಾಜ್ಯದಲ್ಲಿರುವ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿ ನಡೆದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಆಳು, ಹಣ, ಸುಣ್ಣ ಇವೆಲ್ಲ ಶುಷ್ಕ ಲೆಕ್ಕದಂತೆ ಕಂಡರೂ, ಕೇಳಿದ ಮಾತು ಗಾಳಿಗೆ ಹೋಗದೆ ಉಳಿದದ್ದು ಇವುಗಳಿಂದಲೇ.

ಇತಿಹಾಸವನ್ನು ಓದುವಾಗ ಮೆಚ್ಚಿಗೆಯ ಭರದಲ್ಲಿ ಕಣ್ಣು ಮುಚ್ಚಬಾರದು. ಕಾವಲಿಗೆ ಬೇಕಾದ ಹಣವನ್ನು ತೆತ್ತವರು ಅನ್ಯಾಯಕ್ಕೆ ಗುರಿಯಾದ ಜೈನರೇ ಎಂಬುದನ್ನು ಮರೆಯುವಂತಿಲ್ಲ. ಶಾಸನದ ಮೊದಲಿಗೆ ಇರುವುದು ರಾಮಾನುಜರ ಸ್ತುತಿಶ್ಲೋಕ. ಅದು ಅವರನ್ನು ಪಾಷಂಡರೆಂಬ ಕಡಲಿಗೆ ಬಡಬಾಗ್ನಿಯೆಂದು ಹೊಗಳುತ್ತದೆ. ಪಾಷಂಡರೆಂದರೆ ವೇದವನ್ನು ಒಪ್ಪದವರು. ಆ ಮಾತಿನ ಕೆಳಗೇ ಜೈನರನ್ನು ಬೇರೆಯೆಂದು ಕಾಣಬಾರದೆಂಬ ಕಟ್ಟಳೆ ಇದೆ. ಇದನ್ನು ಅಸಂಗತವೆಂದು ಕೆಲವರು ನಗಬಹುದು. ನನಗೆ ಇದರಲ್ಲಿಯೇ ಶಾಸನದ ಪ್ರಾಮಾಣಿಕತೆ ಕಾಣುತ್ತದೆ. ವೈಷ್ಣವರು ತಮ್ಮ ಆಚಾರ್ಯರ ಮೇಲಿನ ನಿಷ್ಠೆಯನ್ನು ಕಳಚಿಟ್ಟು ಕೈಯೊಡ್ಡಲಿಲ್ಲ; ಅದನ್ನು ಇಟ್ಟುಕೊಂಡೇ ಒಡ್ಡಿದರು. ತನ್ನ ಮತದಲ್ಲಿ ನಂಬಿಕೆಯಿಲ್ಲದವನು ಪರಮತವನ್ನು ಆದರಿಸುವುದು ದೊಡ್ಡದಲ್ಲ. ನಂಬಿಕೆ ಗಟ್ಟಿಯಾಗಿದ್ದೂ ಎದುರಿನವನ ಸಂಕಟಕ್ಕೆ ಕಿವಿಗೊಡುವುದು ಕಷ್ಟದ ಕೆಲಸ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿ ಸೇರಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಈ ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರು. ಕಲ್ಲೆಹವೆಂದರೆ ಮಾಗಡಿಯ ಬಳಿಯ ಕಲ್ಯ. ಅಲ್ಲಿಯೂ ಇದೇ ತೀರ್ಪಿನ ಕಲ್ಲು ದೊರೆತಿದೆ. ಜೀರ್ಣೋದ್ಧಾರವೆಂಬ ಮಾತನ್ನು ನಾವು ಗುಡಿಗಳಿಗೆ ಬಳಸುತ್ತೇವೆ. ಒಪ್ಪಂದಕ್ಕೂ ಅದು ಬೇಕಾಯಿತು. ಒಮ್ಮೆ ಕೇಳಿಯಾಯಿತೆಂದು ಯಾರೂ ನಿಶ್ಚಿಂತರಾಗಿರುವಂತಿರಲಿಲ್ಲ.

ಸುಮಾರು 270 ವರ್ಷಗಳ ಮೇಲೆ, 1638ರಲ್ಲಿ, ಹಳೇಬೀಡಿನಲ್ಲಿ ನಡೆದ ಸಂಗತಿಯೂ ಇದನ್ನೇ ತೋರಿಸುತ್ತದೆ. ಅಲ್ಲಿಯ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆಯನ್ನೊತ್ತಿದರು. ಜೈನನಾದ ವಿಜಯಪ್ಪನು ಅದನ್ನು ಅಳಿಸಿದನು. ಕಲಹ ಬೆಳೆಯುವ ಮೊದಲೇ ಜೈನರ ಮುಖ್ಯಸ್ಥರೂ ವೀರಶೈವರ ಹಿರಿಯರೂ ಕೂಡಿ ಮಾತನಾಡಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ತಮ್ಮ ಪೂಜೆಯನ್ನು ಹಿಂದಿನ ಪದ್ಧತಿಯಂತೆ ನಡೆಸಿಕೊಳ್ಳಬೇಕೆಂದು ನಿಶ್ಚಯವಾಯಿತು. ಇದು ಸಮಪಾಲಿನ ಒಪ್ಪಂದವಲ್ಲ, ಬಾಗಿದವರು ಜೈನರು. ಆದರೂ ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿಯೆಂದು ಬರೆಯಿಸಿದವರು ವೀರಶೈವ ಹಿರಿಯರೇ. ತಮ್ಮವರನ್ನು ತಮ್ಮ ದೇವರ ಆಣೆಯಿಂದಲೇ ಅವರು ಕಟ್ಟಿಹಾಕಿದರು.

ವಾಚಕರೆ, ನಮ್ಮ ಕಾಲದಲ್ಲಿ ಬಿನ್ನಹವನ್ನು ಕೇಳಲು ಅರಸರಿಲ್ಲ, ನ್ಯಾಯಸ್ಥಾನಗಳಿವೆ, ಸಂವಿಧಾನವಿದೆ. ಹಕ್ಕುಗಳ ಮಾತನ್ನು ಅವು ನೋಡಿಕೊಳ್ಳುತ್ತವೆ. ಆದರೆ ಕೈಗೆ ಕೈಯಿಡುವ ಕೆಲಸವನ್ನು ಅವು ಮಾಡಲಾರವು. ಅದು ನಮ್ಮ ಪಾಲಿನದು. ನೆರೆಮನೆಯವರ ಹಬ್ಬದ ಹೆಸರು ನಮಗೆ ಗೊತ್ತು. ಆ ದಿನ ಅವರು ಉಪವಾಸವಿರುವುದೇಕೆಂದು ಅವರ ಬಾಯಿಂದಲೇ ಎಂದಾದರೂ ಕೇಳಿದ್ದೇವೆಯೆ? ನಮ್ಮವರಿಂದ ಅವರಿಗೆ ಏನಾದರೂ ನೋವಾಗಿದ್ದರೆ, ಅದನ್ನು ನಮ್ಮ ಮುಂದೆ ಹೇಳುವಷ್ಟು ಸಲಿಗೆ ಕೊಟ್ಟಿದ್ದೇವೆಯೆ? ಮುಂದಿನ ಸಲ ಶ್ರವಣಬೆಳಗೊಳಕ್ಕೆ ಹೋದಾಗ ಭಂಡಾರಿ ಬಸದಿಗೂ ಹೋಗಿ ಬನ್ನಿ. ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಊರಿಗೆ ಹಿಂದಿರುಗಿದ ಮೇಲೆ ನೆರೆಯವರ ಬಾಗಿಲನ್ನು ತಟ್ಟಿ, ಕುಳಿತು, ಅವರನ್ನು ಕೇಳಿ. ಆಮೇಲೆ ಅವರು ಹೇಳುವುದನ್ನೂ ಕೇಳಿ.